ಮರೆವಿನ ಮೂಲ ಹುಡುಕಿದ ವೈದ್ಯ

ನಮ್ಮ ನೆರೆಹೊರೆಯಲ್ಲಿ ತುಂಬ ವಯಸ್ಸಾದ ಅಜ್ಜಿಯೋ ಅಜ್ಜನೋ ಇರುತ್ತಾರೆ. ಅವರಲ್ಲಿ ಕೆಲವರು ಈಗತಾನೆ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆ. ಹೆತ್ತ ಮಗನನ್ನೇ ಗುರುತಿಸದೆ ನೀನು ಯಾರು ಎಂದು ಕೇಳುತ್ತಾರೆ. ಸಂಜೆಯಾದೊಡನೆ, ತಮ್ಮ ಮನೆಯಲ್ಲೇ ಕುಳಿತು, ಮನೆಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ. ಇಂಥವರನ್ನು ಕಂಡಾಗ ಜನರು ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವುದುಂಟು. ಕೆಲವರು ಬೇಸರಪಟ್ಟು ಗದರುವುದೂ ಉಂಟು.

ಆದರೆ ಮಕ್ಕಳೇ, ಇದು ನಗುವ ಸಂಗತಿಯೂ ಅಲ್ಲ, ಗದರುವ ಸಂಗತಿಯೂ ಅಲ್ಲ. ಅದೊಂದು ಕಾಯಿಲೆ. ಜ್ವರ ಬಂದವರ ಮೈ ಸುಡುವಂತೆ, ಈ ಕಾಯಿಲೆ ಬಂದವರ ನೆನಪು ಕರಗುತ್ತದೆ. ಈ ಮಾತನ್ನು ಸಾಕ್ಷಿಸಮೇತ ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್.

ಅಲೋಯಿಸ್ ಆಲ್ಝೈಮರ್ 1864ರ ಜೂನ್ 14ರಂದು ಜರ್ಮನಿಯ ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಮೈನ್ ಎಂಬ ನದಿಯ ದಡದಲ್ಲಿರುವ ಊರು ಅದು. ತಂದೆ ಎಡುವಾರ್ಡ್ ಕಾಗದಪತ್ರಗಳನ್ನು ಪ್ರಮಾಣೀಕರಿಸುವ ನೋಟರಿಯಾಗಿದ್ದರು. ಮಕ್ಕಳಿಗೆ ಒಳ್ಳೆಯ ಶಿಕ್ಷಣ ಸಿಗಲೆಂದು ಆ ಕುಟುಂಬವು ಅಶಾಫನ್‌ಬುರ್ಗ್ ಎಂಬ ಪಟ್ಟಣಕ್ಕೆ ಹೋಗಿ ನೆಲೆಸಿತು.

ಶಾಲೆಯ ವ್ಯಾಸಂಗ ಮುಗಿದ ಮೇಲೆ ಅಲೋಯಿಸ್ ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. ಬರ್ಲಿನ್, ವ್ಯೂರ್ಟ್ಸ್‌ಬುರ್ಗ್, ಟ್ಯೂಬಿಂಗನ್ ಮೊದಲಾದ ಕಡೆ ಓದಿದರು. 1887ರಲ್ಲಿ ವೈದ್ಯಪದವಿ ಪಡೆದರು. ಪದವಿಗಾಗಿ ಅವರು ಅಭ್ಯಾಸ ಮಾಡಿದ ವಿಷಯ ಯಾವುದು ಗೊತ್ತೇ? ನಮ್ಮ ಕಿವಿಯಲ್ಲಿ ಗುಗ್ಗೆಯನ್ನು ಉಂಟುಮಾಡುವ ಗ್ರಂಥಿಗಳು! ಈ ಕೆಲಸದಲ್ಲಿ ಅವರಿಗೆ ಸೂಕ್ಷ್ಮದರ್ಶಕದ ಗೆಳೆತನವಾಯಿತು. ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ವಸ್ತುಗಳನ್ನು ತಾಳ್ಮೆಯಿಂದ ನೋಡುವುದು, ಕಂಡದ್ದನ್ನು ಕಂಡಂತೆಯೇ ಚಿತ್ರ ಬಿಡಿಸುವುದು ಅವರಿಗೆ ರೂಢಿಯಾಯಿತು. ಆ ಗೆಳೆತನ ಕೊನೆಯವರೆಗೂ ಬಿಡಲಿಲ್ಲ.

1888ರಲ್ಲಿ ಆಲ್ಝೈಮರ್ ಅವರು ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ವೈದ್ಯರಾಗಿ ಸೇರಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಆ ಕಾಲದಲ್ಲಿ ಮನಸ್ಸಿನ ಕಾಯಿಲೆ ಬಂದವರನ್ನು ಅನೇಕ ಕಡೆ ಕಟ್ಟಿಹಾಕುತ್ತಿದ್ದರು, ಕೂಡಿಹಾಕುತ್ತಿದ್ದರು. ಫ್ರಾಂಕ್‌ಫರ್ಟಿನ ಆಸ್ಪತ್ರೆಯ ಮುಖ್ಯಸ್ಥರಾದ ಎಮಿಲ್ ಸಿಯೋಲಿ ಅವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ರೋಗಿಗಳ ಮೇಲೆ ಬಲಪ್ರಯೋಗ ಆದಷ್ಟು ಕಡಿಮೆಯಾಗಬೇಕು, ಅವರೊಡನೆ ಮಾತನಾಡಬೇಕು ಎಂಬುದು ಅವರ ನಿಲುವಾಗಿತ್ತು. ಆಲ್ಝೈಮರ್ ಅವರಿಗೂ ಅದೇ ಮಾರ್ಗ ಹಿಡಿಸಿತು. ಅವರು ರೋಗಿಯ ಹಾಸಿಗೆಯ ಬಳಿ ಕುಳಿತು, ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳುತ್ತಿದ್ದರು. ಉತ್ತರ ತಪ್ಪಾಗಿದ್ದರೂ ಸರಿ, ಅರ್ಥವಿಲ್ಲದ್ದಾದರೂ ಸರಿ, ಒಂದನ್ನೂ ಬಿಡುತ್ತಿರಲಿಲ್ಲ.

ಮರುವರ್ಷ ಫ್ರಾಂಟ್ಸ್ ನಿಸ್ಸಲ್ ಎಂಬ ಇನ್ನೊಬ್ಬ ತರುಣ ವೈದ್ಯರು ಅಲ್ಲಿಗೆ ಬಂದರು. ಮೆದುಳಿನ ತೆಳುವಾದ ಚೂರುಗಳಿಗೆ ಬಣ್ಣ ಹಾಕಿ, ಅದರೊಳಗಿನ ನರಕೋಶಗಳು ಸ್ಪಷ್ಟವಾಗಿ ಕಾಣುವಂತೆ ಮಾಡುವ ವಿಧಾನವನ್ನು ನಿಸ್ಸಲ್ ಕಂಡುಹಿಡಿದಿದ್ದರು. ಇಬ್ಬರಿಗೂ ಬಹಳ ಸ್ನೇಹವಾಯಿತು. ಹಗಲೆಲ್ಲ ರೋಗಿಗಳ ಆರೈಕೆ, ಸಂಜೆಯಾದ ಮೇಲೆ ಸೂಕ್ಷ್ಮದರ್ಶಕದ ಮುಂದೆ ಅಭ್ಯಾಸ. ಮನಸ್ಸಿನ ಕಾಯಿಲೆಗೆ ದೇಹದಲ್ಲಿ, ಅದರಲ್ಲೂ ಮೆದುಳಿನಲ್ಲಿ, ಏನಾದರೂ ಕಾರಣ ಸಿಗಬಹುದೇ ಎಂದು ಇಬ್ಬರೂ ಹುಡುಕತೊಡಗಿದರು.

ಆಲ್ಝೈಮರ್ ಅವರು ಸೆಸಿಲಿ ಎಂಬವರನ್ನು ಮದುವೆಯಾದರು. ಅವರಿಗೆ ಮೂವರು ಮಕ್ಕಳಾದರು. ಆದರೆ ಈ ಸಂತೋಷ ಬಹಳ ಕಾಲ ಉಳಿಯಲಿಲ್ಲ. 1901ರಲ್ಲಿ ಸೆಸಿಲಿ ತೀರಿಕೊಂಡರು. ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಆಲ್ಝೈಮರ್ ಅವರ ತಂಗಿ ಬಂದು ನಿಂತರು. ದುಃಖವನ್ನು ನುಂಗಿಕೊಂಡು ಆಲ್ಝೈಮರ್ ಮತ್ತಷ್ಟು ಕೆಲಸದಲ್ಲಿ ಮುಳುಗಿದರು.

ಅದೇ ವರ್ಷದ ನವೆಂಬರ್ 25ರಂದು ಆಸ್ಪತ್ರೆಗೆ ಒಬ್ಬ ಮಹಿಳೆಯನ್ನು ಕರೆತಂದರು. ಅವರ ಹೆಸರು ಆಗುಸ್ಟೆ. ವಯಸ್ಸು 51. ಅವರ ಗಂಡ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಚೊಕ್ಕವಾಗಿ ಮನೆ ನಡೆಸುತ್ತಿದ್ದ ಆಗುಸ್ಟೆಯವರು ಕೆಲವು ತಿಂಗಳಿಂದ ಬದಲಾಗಿದ್ದರು. ಕಾರಣವಿಲ್ಲದೆ ಗಂಡನ ಮೇಲೆ ಸಂಶಯ ಪಡುತ್ತಿದ್ದರು. ಅಡುಗೆ ಕೆಡಿಸುತ್ತಿದ್ದರು. ಮನೆಯ ಸಾಮಾನುಗಳನ್ನು ಎಲ್ಲೆಲ್ಲೋ ಬಚ್ಚಿಡುತ್ತಿದ್ದರು. ತಮ್ಮ ಮನೆಯಲ್ಲೇ ದಾರಿ ತಪ್ಪಿದವರಂತೆ ತಿರುಗುತ್ತಿದ್ದರು. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂದು ಹೆದರಿ ಕಿರುಚುತ್ತಿದ್ದರು.

ಮರುದಿನ ಆಲ್ಝೈಮರ್ ಅವರು ಆಗುಸ್ಟೆಯವರ ಎದುರು ಕುಳಿತರು. ಹೆಸರೇನೆಂದು ಕೇಳಿದರು. ಉತ್ತರ ಸರಿಯಾಗಿ ಬಂತು. ಗಂಡನ ಹೆಸರೇನೆಂದು ಕೇಳಿದರೆ ಆಗಲೂ ಆಕೆ ತನ್ನ ಹೆಸರನ್ನೇ ಹೇಳಿದರು. ಮಧ್ಯಾಹ್ನದ ಊಟದಲ್ಲಿ ಹೂಕೋಸು ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಸೊಪ್ಪು ಎಂದರು. ವೈದ್ಯರು ಲೇಖನಿ, ಬೀಗದ ಕೈ ಮೊದಲಾದ ವಸ್ತುಗಳನ್ನು ತೋರಿಸಿದಾಗ ಹೆಸರು ಹೇಳಿದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ಏನೇನು ನೋಡಿದಿರಿ ಎಂದು ಕೇಳಿದರೆ ಒಂದೂ ನೆನಪಿರಲಿಲ್ಲ. ಕಾಗದ ಕೊಟ್ಟು ಹೆಸರು ಬರೆಯಲು ಹೇಳಿದಾಗ ಶ್ರೀಮತಿ ಎಂಬರ್ಥದ ಮೊದಲ ಪದ ಬರೆದರು. ಮುಂದೇನು ಬರೆಯಬೇಕೆಂಬುದು ಮರೆತುಹೋಯಿತು. ತನ್ನನ್ನು ತಾನೇ ಕಳೆದುಕೊಂಡಿರುವುದಾಗಿ ಆಕೆ ಹೇಳಿಕೊಂಡರು.

ಆಲ್ಝೈಮರ್ ಇದೆಲ್ಲವನ್ನೂ ಬರೆದಿಟ್ಟರು. ಮುಪ್ಪಿನಲ್ಲಿ ಮರೆವು ಬರುವುದನ್ನು ವೈದ್ಯರು ಕಂಡಿದ್ದರು. ಆದರೆ ಐವತ್ತೊಂದು ಮುಪ್ಪಿನ ವಯಸ್ಸಲ್ಲ. ಇಷ್ಟು ಬೇಗ, ಇಷ್ಟು ಜೋರಾಗಿ ನೆನಪು ಏಕೆ ಅಳಿಯುತ್ತಿದೆ? ಈ ಪ್ರಶ್ನೆ ಅವರನ್ನು ಕಾಡಿತು.

1903ರಲ್ಲಿ ಆಲ್ಝೈಮರ್ ಅವರು ಹೆಸರಾಂತ ವೈದ್ಯ ಎಮಿಲ್ ಕ್ರೇಪೆಲಿನ್ ಅವರೊಡನೆ ಕೆಲಸ ಮಾಡಲು ಫ್ರಾಂಕ್‌ಫರ್ಟ್ ಬಿಟ್ಟರು. ಮೊದಲು ಹೈಡೆಲ್‌ಬರ್ಗ್, ಆಮೇಲೆ ಮ್ಯೂನಿಕ್. ಮ್ಯೂನಿಕ್‌ನಲ್ಲಿ ಅವರು ದೊಡ್ಡ ಪ್ರಯೋಗಾಲಯವನ್ನು ನಡೆಸಿದರು. ದೇಶದೇಶಗಳಿಂದ ಬಂದ ತರುಣ ವೈದ್ಯರಿಗೆ ಮೆದುಳನ್ನು ನೋಡುವ ವಿದ್ಯೆ ಕಲಿಸಿದರು. ಊರು ಬದಲಾದರೂ ಅವರು ಆಗುಸ್ಟೆಯವರನ್ನು ಮರೆಯಲಿಲ್ಲ. ಅವರ ಆರೋಗ್ಯ ಹೇಗಿದೆಯೆಂದು ವಿಚಾರಿಸುತ್ತಲೇ ಇದ್ದರು.

1906ರ ಏಪ್ರಿಲ್ 8ರಂದು ಆಗುಸ್ಟೆಯವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ಮಾತೂ ಇರಲಿಲ್ಲ, ಎದ್ದು ನಡೆಯುವ ಶಕ್ತಿಯೂ ಇರಲಿಲ್ಲ. ಆಲ್ಝೈಮರ್ ಅವರ ಕೋರಿಕೆಯಂತೆ ಅವರ ಮೆದುಳನ್ನೂ ಕಾಯಿಲೆಯ ಕಡತವನ್ನೂ ಫ್ರಾಂಕ್‌ಫರ್ಟಿನಿಂದ ಮ್ಯೂನಿಕ್‌ಗೆ ಕಳುಹಿಸಲಾಯಿತು.

ಆ ಮೆದುಳು ಸೊರಗಿತ್ತು. ಆಲ್ಝೈಮರ್ ಅದನ್ನು ಕೂದಲಿಗಿಂತ ತೆಳುವಾದ ಚೂರುಗಳಾಗಿ ಕತ್ತರಿಸಿದರು. ಬೆಳ್ಳಿಯ ಲವಣ ಬಳಸಿ ಬಣ್ಣ ಕಟ್ಟುವ ಹೊಸ ವಿಧಾನವೊಂದು ಆಗ ಬಂದಿತ್ತು. ಅದನ್ನು ಉಪಯೋಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ವಿಚಿತ್ರ ಸಂಗತಿಗಳು ಕಂಡವು. ನರಕೋಶಗಳ ಒಳಗೆ ಕಪ್ಪಾದ ದಪ್ಪ ಎಳೆಗಳು ಸಿಕ್ಕುಗಟ್ಟಿದ್ದವು. ನರಕೋಶಗಳ ನಡುವಣ ಜಾಗದಲ್ಲಿ ಸಾಸಿವೆ ಚೆಲ್ಲಿದಂತೆ ಯಾವುದೋ ಪದಾರ್ಥದ ಚುಕ್ಕೆಗಳು ಗಟ್ಟಿಯಾಗಿ ಕೂತಿದ್ದವು. ಮೆದುಳಿನ ಮೇಲ್ಪದರದ ನರಕೋಶಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಹೀಗೆ ಕೆಟ್ಟಿದ್ದವು. ಅನೇಕ ಕೋಶಗಳು ಸತ್ತೇಹೋಗಿದ್ದವು. ಅವು ಇದ್ದ ಜಾಗದಲ್ಲಿ ಸಿಕ್ಕಾದ ಎಳೆಗಳು ಮಾತ್ರ ಉಳಿದಿದ್ದವು. ಚುಕ್ಕೆಗಳನ್ನು ಬೇರೆ ಕೆಲವರು ಮೊದಲೇ ಕಂಡಿದ್ದರು. ಆದರೆ ಎಳೆಗಳ ಸಿಕ್ಕನ್ನು ಮೊದಲು ವಿವರಿಸಿದವರು ಆಲ್ಝೈಮರ್.

ಇದರಿಂದ ನೆನಪು ಏಕೆ ಅಳಿಯುತ್ತದೆ? ಇದನ್ನು ತಿಳಿಯಬೇಕಾದರೆ ನಮ್ಮ ಮೆದುಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ದೊಡ್ಡವರ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುತ್ತವೆ. ಪ್ರತಿಯೊಂದು ಕೋಶಕ್ಕೂ ಮರಕ್ಕಿರುವಂತೆ ಕೊಂಬೆಗಳಿವೆ. ಈ ಕೊಂಬೆಗಳ ಮೂಲಕ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ನಾವು ಮಗ್ಗಿ ಕಲಿಯುವಾಗ, ಹಾಡು ಕಲಿಯುವಾಗ, ಗೆಳೆಯನ ಮುಖ ನೆನಪಿಟ್ಟುಕೊಳ್ಳುವಾಗ ಕೆಲವು ಕೋಶಗಳ ನಡುವಿನ ನಂಟು ಗಟ್ಟಿಯಾಗುತ್ತದೆ. ಹೊಲದಲ್ಲಿ ಜನ ಓಡಾಡಿದಂತೆಲ್ಲ ಕಾಲುದಾರಿ ಮೂಡುವುದಿಲ್ಲವೇ? ಹಾಗೆಯೇ ಇದು. ಈ ದಾರಿಗಳೇ ನಮ್ಮ ನೆನಪು.

ಈಗ ಆ ಚುಕ್ಕೆಗಳ ವಿಷಯ. ಅವು ಅಮಿಲಾಯ್ಡ್ ಎಂಬ ಪ್ರೋಟೀನಿನಿಂದ ಆದವು. ಇದರ ಸಣ್ಣ ಚೂರುಗಳು ಎಲ್ಲರ ಮೆದುಳಿನಲ್ಲೂ ಹುಟ್ಟುತ್ತವೆ ಮತ್ತು ತೊಳೆದುಹೋಗುತ್ತವೆ. ಈ ಕಾಯಿಲೆಯಲ್ಲಿ ಅವು ತೊಳೆದುಹೋಗದೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ನೀರಿನ ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ಏನಾಗುತ್ತದೆ? ನೀರು ಮುಂದಿನ ಗದ್ದೆಗೆ ಹೋಗುವುದಿಲ್ಲ. ಹಾಗೆಯೇ ಕೋಶದಿಂದ ಕೋಶಕ್ಕೆ ಸುದ್ದಿ ಸಾಗುವುದು ಕೆಡುತ್ತದೆ.

ಇನ್ನು ಸಿಕ್ಕಾದ ಎಳೆಗಳು. ಅವು ಟೌ ಎಂಬ ಬೇರೊಂದು ಪ್ರೋಟೀನಿನಿಂದ ಆದವು. ನರಕೋಶದ ಉದ್ದವಾದ ಕೊಂಬೆಯೊಳಗೆ ಅತಿ ಸಣ್ಣ ಕೊಳವೆಗಳಿವೆ. ಕೋಶಕ್ಕೆ ಬೇಕಾದ ಪದಾರ್ಥಗಳು ಈ ಕೊಳವೆಗಳ ಗುಂಟ ಸಾಗುತ್ತವೆ. ಬಿದಿರಿನ ಏಣಿಯನ್ನು ಹಗ್ಗ ಬಿಗಿದು ಕಟ್ಟುವಂತೆ, ಟೌ ಈ ಕೊಳವೆಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾಯಿಲೆಯಲ್ಲಿ ಟೌ ಸಡಿಲಗೊಂಡು ಕಳಚಿಕೊಳ್ಳುತ್ತದೆ, ತನ್ನಷ್ಟಕ್ಕೆ ಹೊಸೆದುಕೊಂಡು ಸಿಕ್ಕಾಗುತ್ತದೆ. ಹಗ್ಗ ಬಿಚ್ಚಿದ ಏಣಿ ನಿಲ್ಲುವುದೇ? ಕೊಳವೆಗಳು ಕುಸಿಯುತ್ತವೆ. ಕೋಶ ಸೊರಗಿ ಸಾಯುತ್ತದೆ.

ಹೊಸ ಸಂಗತಿಗಳನ್ನು ನೆನಪಿನಲ್ಲಿ ಇಡಲು ನೆರವಾಗುವ ಮೆದುಳಿನ ಭಾಗಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ಸಾಮಾನ್ಯವಾಗಿ ಕಾಯಿಲೆ ಮೊದಲು ಕೆಡಿಸುವುದು ಈ ಭಾಗವನ್ನು ಮತ್ತು ಅದರ ಸುತ್ತಮುತ್ತಲಿನ ಭಾಗಗಳನ್ನು. ಆದ್ದರಿಂದಲೇ ಅಜ್ಜಿಗೆ ಬೆಳಗಿನ ತಿಂಡಿ ಮರೆತಿರುತ್ತದೆ, ಆದರೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಹಾಡು ನೆನಪಿರುತ್ತದೆ. ಅವರು ಬೇಕೆಂದೇ ಮರೆಯುವುದಿಲ್ಲ. ಹೊಸ ನೆನಪನ್ನು ಕೂಡಿಡುವ ಜಾಗವೇ ಮುರಿದಿರುತ್ತದೆ.

ಆಲ್ಝೈಮರ್ ಅವರಿಗೆ ಈ ಪ್ರೋಟೀನುಗಳ ಹೆಸರು ಗೊತ್ತಿರಲಿಲ್ಲ. ಅವನ್ನು ವಿಜ್ಞಾನಿಗಳು ಗುರುತಿಸಿದ್ದು ಬಹಳ ವರ್ಷಗಳ ಮೇಲೆ. 1984ರಲ್ಲಿ ಅಮಿಲಾಯ್ಡ್, ಅದರ ಹಿಂದೆಯೇ ಟೌ ಪತ್ತೆಯಾದವು. ಆದರೆ ಅವು ಮೆದುಳಿನಲ್ಲಿ ಏನು ಹಾನಿ ಮಾಡಿವೆ ಎಂಬುದನ್ನು ಆಲ್ಝೈಮರ್ ಕಣ್ಣಾರೆ ಕಂಡಿದ್ದರು.

1906ರ ನವೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ಮಾನಸಿಕ ರೋಗಗಳ ವೈದ್ಯರ ಸಭೆ ಸೇರಿತು. ಆಲ್ಝೈಮರ್ ಅಲ್ಲಿ ಆಗುಸ್ಟೆಯವರ ಕಾಯಿಲೆಯನ್ನು ವಿವರಿಸಿ, ಮೆದುಳಿನ ಚಿತ್ರಗಳನ್ನು ತೋರಿಸಿದರು. ಮಾತು ಮುಗಿಯಿತು. ಪ್ರಶ್ನೆ ಕೇಳಬಹುದೆಂದು ಅಧ್ಯಕ್ಷರು ತಿಳಿಸಿದರು. ಒಬ್ಬರೂ ಕೇಳಲಿಲ್ಲ. ಅಂದು ಸಭೆಯ ಆಸಕ್ತಿಯೆಲ್ಲ ಬೇರೆ ವಿಷಯದ ಮೇಲಿತ್ತು. ಆಲ್ಝೈಮರ್ ಬೇಸರಪಟ್ಟಿರಬಹುದು, ಆದರೆ ಕೆಲಸ ನಿಲ್ಲಿಸಲಿಲ್ಲ. 1907ರಲ್ಲಿ ಚಿಕ್ಕ ಲೇಖನವೊಂದನ್ನು ಪ್ರಕಟಿಸಿದರು. ಇಂಥದೇ ಕಾಯಿಲೆಯ ಬೇರೆ ರೋಗಿಗಳನ್ನೂ ಅಭ್ಯಾಸ ಮಾಡಿದರು. 1910ರಲ್ಲಿ ಕ್ರೇಪೆಲಿನ್ ತಮ್ಮ ದೊಡ್ಡ ವೈದ್ಯಗ್ರಂಥದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ರೋಗ ಎಂದು ಹೆಸರಿಟ್ಟರು. ಇಂದು ಲೋಕದಲ್ಲೆಲ್ಲ ಅದೇ ಹೆಸರು ನಿಂತಿದೆ.

1912ರಲ್ಲಿ ಆಲ್ಝೈಮರ್ ಅವರನ್ನು ಬ್ರೆಸ್ಲಾವ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. ಆ ನಗರ ಈಗ ಪೋಲೆಂಡ್ ದೇಶದಲ್ಲಿದೆ, ವ್ರೊತ್ಸ್ವಾಫ್ ಎಂದು ಕರೆಯುತ್ತಾರೆ. ಅಲ್ಲಿಗೆ ಹೋಗುವಾಗ ರೈಲಿನಲ್ಲೇ ಅವರಿಗೆ ಕಾಯಿಲೆಯಾಯಿತು. ಅಂದಿನಿಂದ ಹೃದಯದ ತೊಂದರೆ ಬಿಡಲಿಲ್ಲ. ಆದರೂ ಮೂರು ವರ್ಷ ಪಾಠ ಹೇಳಿದರು, ರೋಗಿಗಳನ್ನು ನೋಡಿದರು. 1915ರ ಡಿಸೆಂಬರ್ 19ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ. ಆಗುಸ್ಟೆಯವರು ಆಸ್ಪತ್ರೆಗೆ ಬಂದಾಗ ಇದ್ದುದೂ ಅದೇ ವಯಸ್ಸು. ಫ್ರಾಂಕ್‌ಫರ್ಟಿನಲ್ಲಿ ಹೆಂಡತಿ ಸೆಸಿಲಿಯವರ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಆಗುಸ್ಟೆಯವರ ಕಡತ ಎಲ್ಲಿಯೋ ಕಳೆದುಹೋಗಿತ್ತು. 1995ರಲ್ಲಿ ಅದು ಫ್ರಾಂಕ್‌ಫರ್ಟಿನ ಆಸ್ಪತ್ರೆಯ ಹಳೆಯ ಕಾಗದಗಳ ನಡುವೆ ಸಿಕ್ಕಿತು. ಅದರಲ್ಲಿ ಆಲ್ಝೈಮರ್ ಕೇಳಿದ ಪ್ರಶ್ನೆಗಳು, ಆಗುಸ್ಟೆಯವರ ಉತ್ತರಗಳು, ಅವರ ಭಾವಚಿತ್ರ, ಅವರು ಬರೆಯಲು ಹೋಗಿ ಅರ್ಧಕ್ಕೆ ಬಿಟ್ಟ ಹೆಸರು ಎಲ್ಲವೂ ಇದ್ದವು. ಆಮೇಲೆ ಮ್ಯೂನಿಕ್‌ನಲ್ಲಿ ಅವರ ಮೆದುಳಿನ ಚೂರುಗಳಿದ್ದ ಗಾಜುಗಳೂ ಸಿಕ್ಕವು. ತೊಂಬತ್ತು ವರ್ಷಗಳ ಹಿಂದೆ ಆಲ್ಝೈಮರ್ ಬರೆದಿದ್ದ ಸಿಕ್ಕುಗಳೂ ಚುಕ್ಕೆಗಳೂ ಅಲ್ಲಿ ಹಾಗೆಯೇ ಇದ್ದವು.

ಮರೆವಿನ ಕಾಯಿಲೆಗಳಿಗೆಲ್ಲ ಸೇರಿಸಿ ಡಿಮೆನ್ಶಿಯಾ ಎನ್ನುತ್ತಾರೆ. ಲೋಕದಲ್ಲಿ 5 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆಯಿದೆ. ಅವರಲ್ಲಿ ನೂರಕ್ಕೆ 60ರಿಂದ 70 ಜನರಿಗೆ ಇರುವುದು ಆಲ್ಝೈಮರ್ ರೋಗ. ಉಳಿದವರಲ್ಲಿ ಕೆಲವರಿಗೆ ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಮರೆವು ಬರುತ್ತದೆ. ಆಲ್ಝೈಮರ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಸಿಕ್ಕಿಲ್ಲ. ಅಮಿಲಾಯ್ಡ್ ಗಂಟುಗಳನ್ನು ಕರಗಿಸಿ, ಆರಂಭದ ಹಂತದಲ್ಲಿ ರೋಗದ ವೇಗವನ್ನು ಸ್ವಲ್ಪ ತಗ್ಗಿಸುವ ಔಷಧಿಗಳು ಇತ್ತೀಚಿನ ವರ್ಷಗಳಲ್ಲಿ ಬಂದಿವೆ. ಅಮಿಲಾಯ್ಡ್ ಸೇರತೊಡಗುವುದು ಮರೆವು ಕಾಣಿಸುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಎಂದು ಈಗ ತಿಳಿದಿದೆ.

ನಮ್ಮ ದೇಶದಲ್ಲಿಯೂ ಈ ಹುಡುಕಾಟ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದವರ ನೆನಪಿನ ಶಕ್ತಿಯನ್ನು ವರ್ಷ ವರ್ಷವೂ ಪರೀಕ್ಷಿಸುವ ಕೆಲಸ ಕೈಗೊಂಡಿದ್ದಾರೆ. ಹೊಲ ಮನೆ ನೋಡಿಕೊಂಡಿರುವ ರೈತರೇ ಈ ಮಹತ್ವದ ಕೆಲಸದಲ್ಲಿ ಪಾಲುಗಾರರು.

ಎಲ್ಲ ಮರೆವೂ ರೋಗವಲ್ಲ. ಚಪ್ಪಲಿ ಎಲ್ಲಿ ಬಿಟ್ಟೆನೆಂದು ಮರೆಯುವುದು ಎಲ್ಲರಿಗೂ ಆಗುವಂಥದು. ಚಪ್ಪಲಿ ಏತಕ್ಕೆಂಬುದೇ ಮರೆತರೆ ವೈದ್ಯರಿಗೆ ತೋರಿಸಬೇಕು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ತಂಬಾಕಿನಿಂದ ದೂರವಿರುವುದು, ನಡೆದಾಡುವುದು, ಓದುವುದು, ನಾಲ್ಕು ಜನರೊಡನೆ ಬೆರೆಯುವುದು ಮೆದುಳಿಗೆ ಒಳ್ಳೆಯದು.

ಆಲ್ಝೈಮರ್ ಅವರು ಆಗುಸ್ಟೆಯವರ ಕಾಯಿಲೆಯನ್ನು ಗುಣಪಡಿಸಲಾರದೆ ಹೋದರು. ಆದರೆ ಆಕೆಯ ಎದುರು ಕುಳಿತು ಆಕೆಯ ಮಾತು ಕೇಳಿದರು. ಬೇರೆಯವರು ಹುಚ್ಚು ಎಂದದ್ದನ್ನು ಕಾಯಿಲೆ ಎಂದು ತಿಳಿದು, ಅದರ ಬೇರನ್ನು ಹುಡುಕಿದರು. ಔಷಧಿ ಕಂಡುಹಿಡಿಯುವುದು ಮುಂದೆ ನಿಮ್ಮಲ್ಲೇ ಯಾರಿಂದಲಾದರೂ ಆದೀತು. ಎದುರು ಕುಳಿತು ಕೇಳುವುದನ್ನು ಮಾತ್ರ ಇಂದೇ ಮಾಡಬಹುದು. ಅಜ್ಜಿ ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದಾಗ, ಮೊದಲ ಸಲ ಕೇಳಿದಂತೆಯೇ ಸಮಾಧಾನದಿಂದ ಉತ್ತರ ಕೊಡಿ. ಅಜ್ಜಿಗೆ ಅದು ಮೊದಲನೆಯ ಸಲವೇ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಲೋಯಿಸ್ ಆಲ್ಝೈಮರ್ ಎಲ್ಲಿ ಜನಿಸಿದರು?
2. ನಿಸ್ಸಲ್ ಅವರು ಕಂಡುಹಿಡಿದ ವಿಧಾನ ಯಾವುದು?
3. ಆಗುಸ್ಟೆಯವರ ಕಡತ ಮತ್ತೆ ಸಿಕ್ಕಿದ್ದು ಯಾವಾಗ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸೂಕ್ಷ್ಮದರ್ಶಕದಲ್ಲಿ ಆಲ್ಝೈಮರ್ ಕಂಡ ಎರಡು ಸಂಗತಿಗಳಾವುವು?
2. ಟೌ ಪ್ರೋಟೀನನ್ನು ಏಣಿಯ ಹಗ್ಗಕ್ಕೆ ಏಕೆ ಹೋಲಿಸಲಾಗಿದೆ?
3. ಕಾಯಿಲೆಯಲ್ಲಿ ಹಳೆಯ ಹಾಡು ನೆನಪಿದ್ದು ಬೆಳಗಿನ ತಿಂಡಿ ಮರೆಯುವುದೇಕೆ?

ಇ) ಚಟುವಟಿಕೆ
ನಿಮ್ಮ ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಬಳಿ ಕುಳಿತು ಅವರ ಬಾಲ್ಯದ ಒಂದು ನೆನಪನ್ನು ಕೇಳಿರಿ. ಅವರು ಹೇಳಿದಂತೆಯೇ ಬರೆದು ತರಗತಿಯಲ್ಲಿ ಓದಿರಿ.